ಬಾಣಂತಿ ಕೋಣೆಯ ಕಿಟಕಿ

ಗುಂಡ್ಲುಪೇಟೆ
12-9-1998, ಶನಿವಾರ

ಅಣ್ಣನಿಗೆ,

ಕ್ಷೇಮ ಸಮಾಚಾರ ಆಮೇಲೆ, ಮೊದಲು ನಿನ್ನ ಕಿಟಕಿಯ ಸಮಾಚಾರ. ಮಗು ನೋಡಲು ಬಂದವರು ಮಗುವಿನ ಕೆನ್ನೆ ಮುಟ್ಟಿ ಒಂದು ನಿಮಿಷ ಕೂರುತ್ತಾರೆ, ಆಮೇಲೆ ಕಿಟಕಿಯನ್ನು ಆಚೆ ಈಚೆ ತಳ್ಳುತ್ತಾ ಹತ್ತು ನಿಮಿಷ. ಬೀದಿ ಕೊನೆಯ ಚಾಮುಂಡಿ ಅತ್ತೆಯಂತೂ, "ಇದ್ಯಾನಮ್ಮಿ, ಬಸ್ಸಿನ ಕಿಟ್ಕಿ ಕಿತ್ಕ ಬಂದು ಮಡಗವ್ನಾ ನಿಮ್ಮಣ್ಣ?" ಎಂದು ಕೇಳಿದಳು. ಪ್ಲಾಸ್ಟಿಕ್ಕಿನದು, ಗೆದ್ದಲು ತಿನ್ನುವುದಿಲ್ಲ, ಕೇರಳದಿಂದ ಲಾರಿಯಲ್ಲಿ ಬಂದದ್ದು ಎಂದು ಅವ್ವ ಎಲ್ಲರಿಗೂ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡಿದ್ದಾಳೆ.

ಮಗುವಿಗೆ ಇಂದಿಗೆ ಹನ್ನೆರಡು ದಿನ. ಹಗಲೆಲ್ಲ ನಿದ್ದೆ. ಮೂಗು ನಿನ್ನದೇ, ಪಾಪ. ಇವರು ಹಾಸನದ ಡಿಪೋದಿಂದ ಒಂದು ದಿನದ ರಜೆ ಹಾಕಿ ಬಂದು ನೋಡಿಕೊಂಡು ಹೋದರು. ಕಂಡಕ್ಟರ್ ಕೆಲಸವೆಂದರೆ ಹಾಗೇ ತಾನೆ. ಇನ್ನು ಬರುವುದು ನಾಮಕರಣಕ್ಕೇ ಅಂತೆ.

ಅವ್ವನ ಬಾಣಂತನ ನಿನಗೆ ಗೊತ್ತಲ್ಲ. ಕೋಣೆಯಲ್ಲಿ ಇರುವೆ ನುಸುಳಲೂ ಜಾಗ ಬಿಟ್ಟಿಲ್ಲ. ಬಾಗಿಲ ಸಂದಿಗೆ ಗೋಣಿ, ಹೆಂಚಿನ ಸಂದಿಗೆ ಹಳೆ ಸೀರೆ, ಕಂಡ ಕಂಡ ತೂತಿಗೆಲ್ಲ ಬಟ್ಟೆ ತುರುಕಿ ಮೇಲೆ ಮೇಣ ಕರಗಿಸಿ ಹಾಕಿದ್ದಾಳೆ. ಕೆಂಡದ ಬಾಣಲೆ, ಸಾಂಬ್ರಾಣಿ ಹೊಗೆ, ನಾನು. ನಲವತ್ತು ದಿನ ತುಂಬುವುದರೊಳಗೆ ಕರಿಮೀನಿನ ಹಾಗೆ ಒಣಗಿರುತ್ತೇನೆ.

ಒಂದೇ ಒಂದು ದೂರು. ಕಿಟಕಿಯ ಹೊರಗಡೆ ಕೆಲಸ ಅರ್ಧಕ್ಕೇ ನಿಂತಿದೆ ಎಂದು ಅವ್ವ ಹೇಳುತ್ತಾಳೆ. ಕೆಳಗೆ ಕಲ್ಲಿಲ್ಲ, ಸುತ್ತ ಬರೀ ಸಿಮೆಂಟು ಮೆತ್ತಿದೆ, ಮೊನ್ನೆ ಮಳೆಗೆ ಗೋಡೆಯ ಮೇಲೆಲ್ಲ ನೀರಿಳಿದಿದೆ. ಯಾವಾಗ ಬಂದು ಮುಗಿಸುತ್ತೀಯ? ಪಕ್ಕದ ಈರುಳ್ಳಿ ಮಂಡಿಯ ಫೋನು ಕೆಟ್ಟು ತಿಂಗಳಾಯಿತು, ಆದ್ದರಿಂದ ಕಾಗದವೇ ಗತಿ. ಸೋಮಾರಿತನ ಮಾಡದೆ ಬರಿ.

ನಿನ್ನ ತಂಗಿ
ಮೀನಾ

---

ಚಾಮರಾಜನಗರ
15-9-1998

ಮೀನಾ,

ನನ್ನ ಮೂಗು ಬಂದ ಹುಡುಗಿಗೆ ಗಂಡು ಹುಡುಕುವ ಭಾರವೂ ನನ್ನದೇ ಆಯಿತಲ್ಲ. ಇರಲಿ. ಅವ್ವ ನನ್ನನ್ನೂ ಹಾಗೇ ಮೂಟೆ ಕಟ್ಟಿ ಸಾಕಿದಳು ಕಣಮ್ಮಿ, ಅದಕ್ಕೇ ಇಷ್ಟು ಗಟ್ಟಿಯಾಗಿದ್ದೇನೆ. ಬಾಯಿ ಮುಚ್ಚಿಕೊಂಡು ಮಲಗು.

ಕಿಟಕಿ ಅರ್ಧಕ್ಕೆ ನಿಲ್ಲಲು ನೀನೇ ಕಾರಣ. ಹತ್ತು ದಿನ ಮುಂಚೆಯೇ ಹೊಟ್ಟೆನೋವು ಎಂದು ಕೂತರೆ ನಾನು ಕಿಟಕಿ ನೋಡಲೋ, ಆಟೋ ಹುಡುಕಲೋ? ಒಂದು ವಿಷಯ ಮಾತ್ರ ಅವ್ವನಿಗೆ ಹೇಳಬೇಡ. ಹಳೆಯ ಕಿಟಕಿಯ ಕೆಳಗೆ ಅಪ್ಪ ಹಾಕಿದ್ದ ಹಾಸುಗಲ್ಲು ಇತ್ತಲ್ಲ, ಅದು ಕೀಳುವಾಗ ನನ್ನ ಕೈಯಲ್ಲೇ ಎರಡು ತುಂಡಾಯಿತು. ತುಂಡುಗಳನ್ನು ಹಿತ್ತಲಲ್ಲಿ ಹೂತಿದ್ದೇನೆ.

ಹೊರಗೆ ಆಗಬೇಕಾದ್ದು ಎರಡು ಕೆಲಸ. ಕೆಳಗೆ ಸಿಲ್ ಕಲ್ಲು ಕೂರಿಸಬೇಕು. ಕಡಪ ಕಲ್ಲು, ಗೋಡೆಯಿಂದ ನಾಲ್ಕು ಬೆರಳು ಮುಂದೆ ಚಾಚಬೇಕು, ಹೊರಕ್ಕೆ ಇಳಿಜಾರಾಗಿರಬೇಕು, ಕಲ್ಲಿನ ತಳದಲ್ಲಿ ಉದ್ದಕ್ಕೂ ಒಂದು ಗೆರೆ ಕೊರೆಯಬೇಕು. ಆಗ ನೀರು ಗೆರೆಯ ಹತ್ತಿರ ಬಂದು ತೊಟ್ಟಿಕ್ಕುತ್ತದೆ, ಗೋಡೆಯ ಕಡೆ ಹರಿಯುವುದಿಲ್ಲ. ಇನ್ನೊಂದು, ಸುತ್ತಲಿನ ಪಟ್ಟಿ. ಸೀರೆಗೆ ಅಂಚು ಇದ್ದ ಹಾಗೆ ಮೂರು ಕಡೆಯೂ ಪಟ್ಟಿ ಬಡಿದರೆ ಕಿಟಕಿಗೂ ಗೋಡೆಗೂ ನಡುವಿನ ಸಂದು ಮುಚ್ಚುತ್ತದೆ. ನಮ್ಮ ಕಂಟ್ರಾಕ್ಟರ್ ಚಿಕ್ಕಬಸವಯ್ಯನವರು ಕಟ್ಟಿಸುತ್ತಿರುವ ಬಂಗಲೆಗೂ ಇದೇ ಕಿಟಕಿಗಳು. ಇಪ್ಪತ್ತಾರು ಕೂರಿಸಿದ್ದೇನೆ. ಅಲ್ಲಿ ಅಳತೆ ತಪ್ಪಿ ಉಳಿದದ್ದೇ ನಿನ್ನ ಕಿಟಕಿ ಎಂದು ಚಾಮುಂಡಿ ಅತ್ತೆಗೆ ಹೇಳಬೇಡ, ಮರ್ಯಾದೆ ಹೋಗುತ್ತದೆ.

ಭಾನುವಾರ, ಇಪ್ಪತ್ತನೇ ತಾರೀಕು, ಮೊದಲ ಬಸ್ಸಿಗೇ ಬರುತ್ತೇನೆ. ಕಲ್ಲು ಕತ್ತರಿಸಿ ಇಟ್ಟಾಗಿದೆ. ಉಪ್ಪುಸಾರು ಮುದ್ದೆ ಮಾಡಲು ಅವ್ವನಿಗೆ ಹೇಳು.

ಅಣ್ಣ
ನಿಂಗರಾಜು

---

ಗುಂಡ್ಲುಪೇಟೆ
23-9-1998

ಅಣ್ಣನಿಗೆ,

ಭಾನುವಾರ ಬರಲಿಲ್ಲ. ಸೋಮವಾರ ಬರಬಹುದು ಎಂದುಕೊಂಡೆವು. ಇಂದು ಬುಧವಾರ.

ಭಾನುವಾರ ಅವ್ವ ಮುದ್ದೆ ಕಟ್ಟಿಟ್ಟುಕೊಂಡು ಬಾಗಿಲಲ್ಲೇ ಕೂತಿದ್ದಳು. ಚಾಮರಾಜನಗರದ ಬಸ್ಸು ಬಂದಾಗಲೆಲ್ಲ ಸೆರಗು ಸರಿಮಾಡಿಕೊಂಡು ಏಳುತ್ತಿದ್ದಳು. ಎರಡು ಗಂಟೆಗೆ ತಣ್ಣಗಿನ ಮುದ್ದೆಯನ್ನು ಮುರಿದು ತಾನೊಬ್ಬಳೇ ತಿಂದಳು. ಒಂದೂಕಾಲು ಗಂಟೆಯ ದಾರಿ ಅಣ್ಣ. ನೀನೇನು ದುಬೈಯಲ್ಲಿದ್ದೀಯಾ?

ನಾಲ್ಕು ದಿನದಿಂದ ಸಂಜೆ ಸಂಜೆ ಮಳೆ ಹಿಡಿಯುತ್ತಿದೆ. ಕಿಟಕಿಯ ಕೆಳಗೆ ಒಳಗೋಡೆಯ ಸುಣ್ಣ ಪದರ ಪದರವಾಗಿ ಉದುರುತ್ತಿದೆ. ಕೈ ಇಟ್ಟರೆ ತಣ್ಣಗೆ ಒದ್ದೆ. ನನ್ನ ಮಂಚ ಅಲ್ಲೇ ಇದೆ, ತಲೆದಿಂಬು ಸರಿಯಾಗಿ ಆ ಗೋಡೆಗೆ. ಮಗುವೂ ನನ್ನ ಪಕ್ಕದಲ್ಲೇ ಮಲಗುತ್ತದೆ. ಮಂಚವನ್ನು ಈಚೆ ಎಳೆಯೋಣ ಎಂದರೆ ಅವ್ವ ಒಪ್ಪುವುದಿಲ್ಲ. "ಆ ಕಡೀಕ್ ಬಾಕ್ಲು ಗಾಳಿ ನೇರ ಬೀಳ್ತದೆ, ತಲೆ ಬಡಗಲಿಗೆ ಆಯ್ತದೆ, ಸುಮ್ಕೆ ಮಲೀಕೊ" ಎನ್ನುತ್ತಾಳೆ.

ನನಗೆ ಯಾಕೋ ಹೆದರಿಕೆ. ಇದು ಇಟ್ಟಿಗೆಯ ಗೋಡೆಯಲ್ಲ, ಅಪ್ಪ ಮಣ್ಣು ತುಳಿದು ಎಬ್ಬಿಸಿದ್ದು. ನೆನೆದ ಮಣ್ಣು ಎಷ್ಟು ದಿನ ನಿಲ್ಲುತ್ತದೆ, ನೀನೇ ಹೇಳು. ಬಾಣಂತಿಗೆ ಇಲ್ಲದ್ದೆಲ್ಲ ತಲೆಗೆ ಬರುತ್ತದೆ ಎಂದು ಅವ್ವ ಬೈಯುತ್ತಾಳೆ. ನೀನು ಬಂದು ಒಮ್ಮೆ ಗೋಡೆ ತಟ್ಟಿ ನೋಡಿ, ಏನೂ ಆಗಲ್ಲ ಕಣಮ್ಮಿ ಎಂದರೆ ಸಾಕು. ಆಮೇಲೆ ಬೇಕಾದರೆ ಹೋಗು.

ಮೀನಾ

---

ಚಾಮರಾಜನಗರ
29-9-1998

ಮೀನಾ,

ಅಕ್ಷರ ಸೊಟ್ಟಗಿದೆ ಎಂದು ನಗಬೇಡ. ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಬರಲು ಆಗುತ್ತಿಲ್ಲ. ಚಿಕ್ಕಬಸವಯ್ಯನವರು ರಜೆ ಕೊಡುವುದಿಲ್ಲ. ಬಂಗಲೆಯ ಕೆಲಸ ಹಬ್ಬದೊಳಗೆ ಮುಗಿಯಬೇಕಂತೆ. ಅವ್ವನಿಗೆ ಹೇಗಾದರೂ ಸಮಾಧಾನ ಹೇಳು.

ಕಲ್ಲು, ಪಟ್ಟಿ ಎರಡನ್ನೂ ತರಕಾರಿ ಲಾರಿಯಲ್ಲಿ ಕಳಿಸಿದ್ದೇನೆ. ಮಂಡಿಯಲ್ಲಿ ಇಳಿಸುತ್ತಾರೆ. ಗಾರೆ ಕೆಲಸದ ಸಿದ್ದಮಲ್ಲಪ್ಪನನ್ನು ಕರೆಸಿ, ಈ ಕೆಳಗಿನದನ್ನು ಅವನಿಗೆ ಓದಿ ಹೇಳು. ಕಲ್ಲು ಹೊರಕ್ಕೆ ಇಳಿಯಬೇಕು. ಗೆರೆ ಕೊರೆದ ಮುಖ ಕೆಳಗಿರಬೇಕು. ಪಟ್ಟಿಯ ಅಂಚಿಗೆಲ್ಲ ಗೋಂದಿನಂಥ ಪೇಸ್ಟು ಎಳೆಯಬೇಕು, ಅದೂ ಚೀಲದಲ್ಲಿದೆ. ಕಿಟಕಿಯ ಚೌಕಟ್ಟಿಗೆ ಹೊರಗಡೆ, ಕೆಳತುದಿಯಲ್ಲಿ, ಉಗುರಿನಷ್ಟು ಉದ್ದದ ಎರಡು ಸೀಳುಗಳಿವೆ. ಅವಕ್ಕೆ ಸಿಮೆಂಟಾಗಲಿ ಪೇಸ್ಟಾಗಲಿ ತಾಗಕೂಡದು. ಇದನ್ನು ಎರಡು ಸಲ ಹೇಳು. ಸಿದ್ದಮಲ್ಲಪ್ಪನಿಗೆ ತೂತು ಕಂಡರೆ ಮೆತ್ತುವ ಚಟ.

ಗೋಡೆಗೆ ಏನೂ ಆಗುವುದಿಲ್ಲ. ಸಿಲ್ ಕೂತ ಮೇಲೆ ನಾಲ್ಕು ದಿನದಲ್ಲಿ ಒಣಗುತ್ತದೆ. ಹೆದರಬೇಡ. ಹಾಲು ಚೆನ್ನಾಗಿ ಬರುತ್ತಿದೆಯಾ? ಬಾಣಂತಿ ಹೆದರಿದರೆ ಹಾಲು ಇಂಗುತ್ತದಂತೆ. ಯಾವ ಯೋಚನೆಯನ್ನೂ ಹಚ್ಚಿಕೊಳ್ಳಬೇಡ.

ಅಣ್ಣ

---

ಗುಂಡ್ಲುಪೇಟೆ
6-10-1998

ನಿಂಗರಾಜನಿಗೆ,

ಅಣ್ಣ ಎಂದು ಬರೆಯಲು ಮನಸ್ಸು ಬರುತ್ತಿಲ್ಲ.

ನಿನ್ನ ಕಾಗದ ತಲುಪಿತು. ಮೊಣಕಾಲ ಮೇಲೆ ಇಟ್ಟುಕೊಂಡು ಬರೆದ ಅಕ್ಷರವನ್ನು ನಾನು ಕಂಡಿಲ್ಲವೇ? ಶಾಲೆಯಲ್ಲಿ ಮೂರು ವರ್ಷ ಬೆಂಚಿಲ್ಲದೆ ಹಾಗೇ ಬರೆದವರು ನಾವು. ಇದು ಕೈ ನಡುಗುವವನ ಅಕ್ಷರ. ಹೋದ ವರ್ಷ ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಟ್ಟು, ಇನ್ನು ಕುಡಿಯುವುದಿಲ್ಲ ಎಂದು ಆಣೆ ಮಾಡಿ ಬಂದೆಯಲ್ಲ, ಅದು ಎಷ್ಟು ತಿಂಗಳು ಉಳಿಯಿತು? ಅವ್ವನಿಗೆ ಕಾಗದ ತೋರಿಸಲಿಲ್ಲ. ಅವಳಿಗೆ ಓದಲು ಬಾರದಿದ್ದರೂ ಅಕ್ಷರದ ಸೊಟ್ಟ ಕಾಣುತ್ತದೆ.

ಸಿದ್ದಮಲ್ಲಪ್ಪ ಹಬ್ಬದ ಮಾರನೇ ದಿನ ಬಂದು ಕೆಲಸ ಮುಗಿಸಿದ. ನೀನು ಬರೆದಂತೆಯೇ ಮಾಡಿದ್ದಾನೆ. ನಾನು ಒಳಗಿನಿಂದ ಕೂಗಿ ಕೂಗಿ ಹೇಳಿದೆ. ಕಲ್ಲಿನ ಮೇಲೆ ಚೊಂಬಿನಿಂದ ನೀರು ಸುರಿದು ಅವ್ವನಿಗೆ ತೋರಿಸಿದನಂತೆ, ಎಲ್ಲ ಮುಂದಕ್ಕೇ ಹರಿಯಿತಂತೆ. ಪಟ್ಟಿ ಬಿದ್ದ ಮೇಲೆ ಪೇಟೆ ಮನೆಯ ಕಿಟಕಿಯ ಹಾಗೆ ಕಾಣುತ್ತದೆ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಆ ಎರಡು ಸೀಳುಗಳನ್ನು ಮುಟ್ಟಿಲ್ಲ. ಆಮೇಲೆ ಮೂರು ಸಲ ಜೋರು ಮಳೆ ಬಂತು. ಸೀಳುಗಳಿಂದ ಒಂದು ತೊಟ್ಟು ನೀರೂ ಈಚೆ ಬರಲಿಲ್ಲ. "ನೋಡವ್ವ, ನನ್ ಕೆಲ್ಸ ಎಂಗದೆ, ಒಂದ್ ತೊಟ್ಟು ಒಳೀಕ್ ಓಗಿದ್ರಲ್ವ ಈಚೀಕ್ ಬರಾಕೆ" ಎಂದು ನಿನ್ನೆ ಮತ್ತೆ ನೋಡಲು ಬಂದ ಸಿದ್ದಮಲ್ಲಪ್ಪ ಎದೆ ತಟ್ಟಿಕೊಂಡು ಹೋದ.

ಆದರೂ ಗೋಡೆ ಒಣಗಿಲ್ಲ. ಇನ್ನೂ ಒಂದು ವಿಷಯ ಬರೆಯಬೇಕೆಂದಿದ್ದೆ. ಅವ್ವ ಬೇಡ ಎಂದಳು. "ಅವ್ನು ಕೆಲ್ಸ ಬುಟ್ಬುಟ್ಟು ಓಡ್ಬತ್ತನೆ, ಇರೋ ಕೆಲ್ಸಾನೂ ಕಳ್ಕತನೆ" ಅಂತೆ. ನೀನು ಓಡಿ ಬರುವವನಲ್ಲ ಎಂದು ನನಗೆ ಗೊತ್ತಾಗಿದೆ, ಆದರೂ ಬರೆಯುವುದಿಲ್ಲ.

ಬರೆಯದೆ ಇರಲೂ ಆಗುತ್ತಿಲ್ಲ. ಮಧ್ಯಾಹ್ನ ಅವ್ವ ನೀರು ಕಾಯಿಸಲು ಹೋದಾಗ ಮನೆಯೆಲ್ಲ ಸದ್ದಿಲ್ಲದೆ ಇರುತ್ತದೆ. ಆಗ ಗೋಡೆಯ ಒಳಗಿನಿಂದ ಮರಳು ಸುರಿದಂತೆ ಸದ್ದು ಬರುತ್ತದೆ. ಸ್ವಲ್ಪ ಹೊತ್ತು ಸುರಿದು ನಿಲ್ಲುತ್ತದೆ. ನಾನು ಮಗುವಿನ ತಲೆಯ ಮೇಲೆ ಕೈ ಅಡ್ಡ ಇಟ್ಟುಕೊಂಡು ಮಲಗಿರುತ್ತೇನೆ. ನನ್ನ ಕೈಯಿಂದ ಏನು ತಡೆಯಲಾಗುತ್ತದೆ ಎಂದು ಕೇಳಬೇಡ.

ಮೀನಾ

---

ಚಾಮರಾಜನಗರ
9-10-1998, ಬೆಳಿಗ್ಗೆ ಎಂಟು ಗಂಟೆ

ಮೀನಾ,

ಇದನ್ನು ನನ್ನ ಜೊತೆ ಕೆಲಸ ಮಾಡುವ ಪುಟ್ಟಮಾದು ತರುತ್ತಿದ್ದಾನೆ. ಓದುತ್ತಾ ನಿಲ್ಲಬೇಡ. ಮೊದಲು ಮಗುವನ್ನು ಎತ್ತಿಕೊಂಡು ಕೋಣೆಯಿಂದ ಈಚೆ ಬಾ. ನಡುಮನೆಗೆ ಬಂದು ಆಮೇಲೆ ಓದು.

ಬಂದೆಯಾ?

ಸೀಳಿನಿಂದ ನೀರು ಬರದಿದ್ದರೆ ಕೆಲಸ ಚೆನ್ನಾಗಿದೆ ಎಂದಲ್ಲ ಕಣಮ್ಮಿ. ನೀರು ಬರಲೇಬೇಕು. ಈ ಕಿಟಕಿಗೆ ಮಳೆ ಹೊಡೆದರೆ ಅದರ ಬಾಗಿಲು ಜಾರುವ ಕಾಲುವೆಯೊಳಗೆ ನೀರು ಬಿದ್ದೇ ಬೀಳುತ್ತದೆ. ಕಾಲುವೆಯ ತಳದಲ್ಲಿ, ಒಳಗಡೆ, ಎರಡು ತೂತುಗಳಿವೆ. ನೀರು ಆ ತೂತಿನಲ್ಲಿ ಇಳಿದು ಹೊರಗಿನ ಸೀಳಿನಿಂದ ಆಚೆ ಹೋಗುತ್ತದೆ. ನನಗೆ ಕೆಲಸ ಕಲಿಸಿದ ಮಲಯಾಳಿ ಮೇಸ್ತ್ರಿ ದಿನಕ್ಕೆ ಹತ್ತು ಸಲ, "ವೆಳ್ಳಂ ಪೋಣಂ, ವೆಳ್ಳಂ ಪೋಣಂ" ಎನ್ನುತ್ತಿದ್ದ. ನೀರು ಹೋಗಬೇಕು, ಅಷ್ಟೇ ಅವನ ಪಾಠ.

ನಿನ್ನ ಕಾಗದ ನಿನ್ನೆ ಸಂಜೆ ಬಂತು. ಕಲ್ಲು ಸರಿ, ಪಟ್ಟಿ ಸರಿ, ಸೀಳು ತೆರೆದಿದೆ, ಮತ್ತೆ ನೀರೆಲ್ಲಿ ಹೋಗುತ್ತಿದೆ ಎಂದು ಯೋಚಿಸಿ ಯೋಚಿಸಿ ಹಳೆಯ ಕಾಗದಗಳನ್ನೆಲ್ಲ ತೆಗೆದು ಓದಿದೆ. ಕಂಡ ಕಂಡ ತೂತಿಗೆಲ್ಲ ಅವ್ವ ಬಟ್ಟೆ ತುರುಕಿ ಮೇಣ ಹಾಕಿದ್ದಾಳೆ ಎಂದು ಮೊದಲನೇ ಕಾಗದದಲ್ಲೇ ಬರೆದಿದ್ದೀಯ. ಅದನ್ನು ಓದಿ ನಾನು ನಕ್ಕಿದ್ದೆ. ಗಾಳಿ ಬಾಣಂತಿಯ ತಲೆಗೆ ಹೊಡೆಯುತ್ತದೆ ಎಂದು ಆ ಎರಡು ತೂತುಗಳನ್ನೂ ಮುಚ್ಚಿರುತ್ತಾಳೆ. ಮುಚ್ಚದೆ ಬಿಡುವವಳಲ್ಲ. ಒಂದು ತಿಂಗಳ ಮಳೆ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಚೌಕಟ್ಟಿನ ಮೂಲೆಯಿಂದ ಗೋಡೆಯ ಹೊಟ್ಟೆಗೇ ಇಳಿದಿದೆ. ನಾನು ಕಳಿಸಿದ ಕಲ್ಲೂ ಪಟ್ಟಿಯೂ ಹೊರಗಿನಿಂದ ಭದ್ರವಾಗಿ ಮುಚ್ಚಿ, ಒಣಗಲು ಇದ್ದ ದಾರಿಯನ್ನೂ ಕಟ್ಟಿವೆ.

ಆ ಕೋಣೆಗೆ ಯಾರೂ ಹೋಗಕೂಡದು. ಅವ್ವನೂ ಹೋಗಕೂಡದು. ನಲವತ್ತು ದಿನ ತುಂಬಿಲ್ಲ ಎಂದು ಅವ್ವ ಕೂಗಾಡುತ್ತಾಳೆ. ಕೂಗಾಡಲಿ. ತೂತನ್ನು ಪುಟ್ಟಮಾದು ತೆಗೆಯುತ್ತಾನೆ.

ನಾನು ಕುಡಿದಿಲ್ಲ ಮೀನಾ. ನೀನು ಬೈದದ್ದಕ್ಕೆ ಬೇಸರವೂ ಇಲ್ಲ. ಪುಟ್ಟಮಾದುವನ್ನು ನನ್ನ ವಿಷಯ ಏನೂ ಕೇಳಬೇಡ. ಅವನು ಇಲ್ಲಿಗೆ ವಾಪಸು ಬಂದು ನೀವು ಮೂವರೂ ಚೆನ್ನಾಗಿದ್ದೀರಿ ಎಂದು ಹೇಳುವವರೆಗೆ ನನಗೆ ನೀರೂ ಇಳಿಯುವುದಿಲ್ಲ.

ಅಣ್ಣ

---

ಗುಂಡ್ಲುಪೇಟೆ
10-10-1998, ಶನಿವಾರ

ಅಣ್ಣಾ,

ಮೂವರೂ ಇದ್ದೇವೆ. ಅದನ್ನು ಮೊದಲು ಓದಿಕೋ.

ನಿನ್ನೆ ಹನ್ನೊಂದು ಗಂಟೆಗೆ ಪುಟ್ಟಮಾದು ಬಂದ. ಬಸ್ಸಿನಿಂದ ಇಳಿದವನು ಓಡಿಕೊಂಡೇ ಬಂದನಂತೆ, ಮಾತಾಡಲು ಉಸಿರಿರಲಿಲ್ಲ. ನಾನು ಮೊದಲ ನಾಲ್ಕು ಸಾಲು ಓದಿ ಎದ್ದೆ. ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಇನ್ನೆರಡೇ ದಿನ ಅದೆ ಕಣಮ್ಮಿ, ನಲ್ವತ್ತು ತುಂಬಲಿ. ಅಸೀ ಮೈ, ಒಸ್ಲು ದಾಟ್ಬೇಡ. ಯಾವನೋ ಬಂದು ಯಾನೋ ಅಂದ ಅಂತ ಕೂಸ್ನ ಗಾಳಿಗೆ ಒಡ್ಡೀಯಾ?" ಎಂದಳು.

"ಅವ್ವಾ, ಗೋಡೆ ನೆಂದದೆ ಕಣವ್ವ," ಎಂದ ಪುಟ್ಟಮಾದು.

"ನೆಂದ್ರೆ ನೆನೀಲಿ. ನನ್ ಗಂಡ ಕಟ್ಟಿದ್ ಗೋಡೆ. ಮೂವತ್ತೊರ್ಸದಿಂದ ನಿಂತದೆ."

ನಾನು ಅವ್ವನಿಗೆ ಎಂದೂ ಎದುರಾಡಿದವಳಲ್ಲ. ನಿನ್ನೆ ಅವಳ ತೋಳು ಹಿಡಿದು ಪಕ್ಕಕ್ಕೆ ತಳ್ಳಿಬಿಟ್ಟೆ. ತಳ್ಳಿ, ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ನಡುಮನೆಗೆ ಬಂದೆ. ಅವ್ವ ಗೋಡೆಗೆ ಒರಗಿ ನಿಂತು ಅತ್ತಳು. ಮಗುವಿಗೆ ಶೀತವಾದರೆ ನನ್ನ ಮುಖ ನೋಡುವುದಿಲ್ಲ ಎಂದಳು.

ಕಿಟಕಿಯ ಕಾಲುವೆಯಲ್ಲಿ ಎರಡು ಮೇಣದ ಬಿರಡೆಗಳಿದ್ದವು. ಪುಟ್ಟಮಾದು ಕಿಟಕಿಯ ಹತ್ತಿರ ಹೋಗಲಿಲ್ಲ. ಬಾಗಿಲ ಬಳಿಯೇ ನಿಂತು ಉದ್ದ ಕಂಬಿಯ ತುದಿಯಿಂದ ಕಿತ್ತ. ಹೊರಗಿನ ಸೀಳುಗಳಿಂದ ನೀರು ಕಪ್ಪಗೆ, ಕೊಳೆತ ವಾಸನೆಯೊಡನೆ ಸುರಿಯತೊಡಗಿತು. ನಿನ್ನ ಸಿಲ್ ಕಲ್ಲಿನ ಮೇಲೆ ಹರಿದು ಕಾಲು ಗಂಟೆಯಾದರೂ ತೊಟ್ಟಿಕ್ಕುತ್ತಲೇ ಇತ್ತು. ಅವ್ವ ಹಿತ್ತಲಿಗೆ ಹೋಗಿ ಅದನ್ನು ನೋಡಿದಳು.

ನಾನು ನಿನಗೆ ಬರೆಯದೆ ಇದ್ದದ್ದು ಇದು. ಗೋಡೆಯಲ್ಲಿ ಊಟದ ತಟ್ಟೆಯಷ್ಟು ಅಗಲ ಉಬ್ಬಿತ್ತು. ಹತ್ತು ದಿನದಿಂದ ಇತ್ತು. ಅವ್ವ ಅದರ ಮೇಲೆ ಸೀರೆ ನೇತುಹಾಕಿದ್ದಳು, ನಾನು ದಿನವೂ ನೋಡಿ ನೋಡಿ ಹೆದರಬಾರದೆಂದು. ಪುಟ್ಟಮಾದು ಕಂಬಿಯಿಂದಲೇ ಸೀರೆ ಸರಿಸಿ ನೋಡಿ ನನ್ನನ್ನು ಇನ್ನೂ ಹಿಂದಕ್ಕೆ ಕಳಿಸಿದ.

ನಮ್ಮನ್ನು ಬಿಟ್ಟು ಹೋಗಲಾರದೆ ಅವನು ರಾತ್ರಿ ಜಗಲಿಯಲ್ಲೇ ಮಲಗಿದ. ಇಂದು ಬೆಳಿಗ್ಗೆ ಮಳೆ ಇರಲಿಲ್ಲ. ಎಳೆ ಬಿಸಿಲಿತ್ತು. ಒಂಬತ್ತೂವರೆಗೆ ಅವ್ವ, ಮಗುವಿನ ಎಣ್ಣೆ ಬಟ್ಟಲು ಒಳಗೇ ಉಳಿಯಿತು ಎಂದು ಕೋಣೆಯ ಕಡೆ ಹೋದಳು. ಹೋಗಬೇಡ ಎಂದು ಕೂಗಿದೆ. ಅವಳು ಹೊಸಿಲ ಮೇಲೆ ಒಂದು ಕಾಲಿಟ್ಟಿದ್ದಳಷ್ಟೇ. ಗೋಡೆ ದೊಡ್ಡ ಸದ್ದು ಮಾಡಲಿಲ್ಲ ಅಣ್ಣ. ಮೂಟೆ ಇಳಿಸಿದ ಹಾಗೆ ಧೊಪ್ಪೆಂದಿತು, ಅಷ್ಟೇ. ಧೂಳು ಇಳಿದ ಮೇಲೆ ನೋಡಿದೆವು. ಮಂಚ ಮುರಿದು ಎರಡಾಗಿದೆ. ಕಿಟಕಿ ಒಂದು ಗೀರೂ ಬೀಳದೆ ಮಣ್ಣಿನ ಮೇಲೆ ಮಲಗಿದೆ. ಸಿಲ್ ಕಲ್ಲು ತಲೆದಿಂಬಿನ ಮೇಲಿದೆ. ನಾನು ಕೈ ಅಡ್ಡ ಇಡುತ್ತಿದ್ದೆನಲ್ಲ, ಸರಿಯಾಗಿ ಆ ಜಾಗ.

ಅದನ್ನು ನೋಡಿದ ಮೇಲೆ ಮಗುವನ್ನು ಮಡಿಲಿನಿಂದ ಕೆಳಗೆ ಇಳಿಸಿಲ್ಲ. ಮಗು ಮಾತ್ರ ನಿದ್ದೆ ಮಾಡುತ್ತಿದೆ.

ಅವ್ವನಿಗೆ ಪೆಟ್ಟಾಗಿಲ್ಲ. ಆದರೆ ಅವಳು ಅವ್ವನ ಹಾಗಿಲ್ಲ. ಒಂದೇ ಒಂದು ಸಲ ಬಾಯಿಬಿಟ್ಟಳು: "ಕೂಸಿನ್ ತಲೆ ಮ್ಯಾಲೆ ನನ್ ಕೈಯಾರೆ ಕಲ್ಲು ಎತ್ತಾಕ್ತಿದ್ದೆ." ಅಲ್ಲಿಂದ ಜಗಲಿಯಲ್ಲಿ ಕೂತು ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದಾಳೆ. ಉಂಡಿಲ್ಲ. ಮಗುವನ್ನು ಕೊಡಲು ಹೋದರೆ ಹಿಂದೆ ಸರಿಯುತ್ತಾಳೆ, ಈ ಕೈಯಲ್ಲಿ ಮುಟ್ಟಲಾರೆ ಎನ್ನುತ್ತಾಳೆ. ಅವಳು ಏನಾದರೂ ಮಾಡಿಕೊಂಡಾಳೆಂದು ನನಗೆ ಭಯ. ಹಿತ್ತಲ ಬಾವಿಯ ಕಡೆ ಹೋದರೆ ಚಾಮುಂಡಿ ಅತ್ತೆಯನ್ನು ಹಿಂದೆ ಕಳಿಸುತ್ತೇನೆ.

ಈಗ ನಿನ್ನ ವಿಷಯ. ಪುಟ್ಟಮಾದುವನ್ನು ನಾನು ಕೇಳಲಿಲ್ಲ. ಗೋಡೆ ಬಿದ್ದದ್ದನ್ನು ನೋಡಿ ಅವನೇ, "ನಿಂಗಣ್ಣ ಏಳ್ಬೇಡ ಅಂದದೆ, ಏಳ್ದೆ ಇರಾಕ್ ನನ್ ಕೈಲಾಗಲ್ಲ ಕಣವ್ವ" ಎಂದು ಎಲ್ಲ ಹೇಳಿಬಿಟ್ಟ. ಹೋದ ತಿಂಗಳು ಹದಿನೆಂಟನೇ ತಾರೀಕು ಬಂಗಲೆಯ ಎರಡನೇ ಮಹಡಿಯಲ್ಲಿ ಸಿಲ್ ಕೂರಿಸುವಾಗ ಸಾರುವೆ ಮುರಿದು ಬಿದ್ದೆಯಂತೆ. ಬಲಗೈ, ಬಲಗಾಲು. ಮೂರು ವಾರದಿಂದ ಆಸ್ಪತ್ರೆಯಲ್ಲಿದ್ದೀಯಂತೆ. ಎಡಗೈಯಲ್ಲಿ ಬರೆದೆಯಂತೆ.

ನಿನ್ನನ್ನು ಕುಡುಕ ಎಂದೆನಲ್ಲ ಅಣ್ಣ. ನಿಂಗರಾಜನಿಗೆ ಎಂದು ಬರೆದೆನಲ್ಲ. ಆ ಕಾಗದವನ್ನು ಹರಿದುಹಾಕು, ದಮ್ಮಯ್ಯ. ಆದರೆ ನಿನ್ನ ಮೇಲಿನ ಕೋಪವೂ ಹೋಗಿಲ್ಲ. ಮೊದಲೇ ಪುಟ್ಟಮಾದುವನ್ನು ಕಳಿಸಿದ್ದರೆ ಅವನು ಮೊದಲೇ ನೋಡುತ್ತಿದ್ದ. ನಾನು ಮೊದಲೇ ಉಬ್ಬಿನ ವಿಷಯ ಬರೆದಿದ್ದರೆ ನೀನು ಮೊದಲೇ ಕಳಿಸುತ್ತಿದ್ದೆ. ಒಬ್ಬರನ್ನೊಬ್ಬರು ಹೆದರಿಸಬಾರದು ಎಂದು ಮುಚ್ಚಿಟ್ಟು ಮುಚ್ಚಿಟ್ಟು ಮಗುವನ್ನೇ ಕಳೆದುಕೊಳ್ಳುತ್ತಿದ್ದೆವು.

ಕಾಲಿನ ಗಾಯ ಕೀವಾಗಿದೆ, ಡಾಕ್ಟರು ಏನೋ ಹೇಳುತ್ತಿದ್ದಾರೆ ಎಂದಷ್ಟೇ ಹೇಳಿ ಪುಟ್ಟಮಾದು ಮುಖ ತಿರುಗಿಸಿದ. ಏನು ಹೇಳುತ್ತಿದ್ದಾರೆ? ಇನ್ನು ಮುಚ್ಚಿಡಬೇಡ. ಅವ್ವನಿಗೆ ಇದಾವುದೂ ಗೊತ್ತಿಲ್ಲ. ಈಗಿನ ಸ್ಥಿತಿಯಲ್ಲಿ ಹೇಳಬೇಕೋ ಬೇಡವೋ ನನಗೆ ತಿಳಿಯುತ್ತಿಲ್ಲ. ನೀನೇ ಬರಿ. ಅವಳಿಗೇ ಏನಾದರೂ ಬರೆದು, ಇದನ್ನು ತರುವ ಪುಟ್ಟಮಾದುವಿನ ಕೈಯಲ್ಲೇ ಕಳಿಸು.

ಮೀನಾ

---

ಚಾಮರಾಜನಗರ
11-10-1998, ಭಾನುವಾರ

ಮೀನಾ, ಇದನ್ನು ಅವ್ವನ ಎದುರು ಕೂತು ಜೋರಾಗಿ ಓದು. ಯಾವ ಮಾತನ್ನೂ ಬಿಡಬೇಡ. ನಾನು ಆಡುವಂತೆಯೇ ಬರೆಯುತ್ತೇನೆ, ನೀನೂ ಹಾಗೇ ಓದು.

ಅವ್ವಾ,

ನಾನು ನಿಂಗ. ಮೊದ್ಲು ಮೀನಾ ಕೊಡೋ ಅನ್ನ ಉಣ್ಣು, ಆಮೇಲೆ ಕೇಳು.

ತೂತ ಮುಚ್ಚಿದ್ದು ನೀನು, ದಿಟ. ಅದು ಯಾತಕ್ ಅದೆ ಅಂತ ನಿನ್ಗೆ ಒಂದ್ ಮಾತೂ ಏಳ್ದೆ ಬಂದ್ಬುಟ್ಟೋನು ನಾನು. ಇಪ್ಪತ್ತಾರು ಕಿಟ್ಕಿ ಕೂರಿಸ್ದೆ, ಬಂಗ್ಲೆ ಯಜಮಾನ್ರಿಗೆಲ್ಲ ನಿಂತ್ಕಂಡು ಏಳಿಕೊಟ್ಟೆ, ಇದು ನೀರೋಗ ದಾರಿ ಸ್ವಾಮಿ ಅಂತ. ನನ್ನ ಎತ್ತವ್ವಂಗೆ ಏಳ್ನಿಲ್ಲ. ಅವ್ವಂಗ್ ಯಾನ್ ತಿಳೀತದೆ ಅಂದ್ಕಂಡೆ. ಅಪ್ಪನ ಕಲ್ಲು ಒಡ್ದಾಕ್ದೋನೂ ನಾನೇ. ಹಿತ್ತಲಲ್ಲಿ ಊತಿವ್ನಿ. ಮಣ್ಣು ಗೋಡೆಗೆ ಈ ಕಿಟ್ಕಿ ಆಯ್ತದಾ ಅಂತ ಯಾರ್ನೂ ಕೇಳ್ನಿಲ್ಲ. ಗೋಡೆ ಕೆಡವ್ದೋನು ನಾನು ಕಣವ್ವ, ನೀನಲ್ಲ. ನಿನ್ ಕೈ ಮೇಲೆ ಆ ಪಾಪ ಆಕ್ಕಬೇಡ.

ಈಗ ಇನ್ನೊಂದ್ ಮಾತು. ನಾನು ಉಸಾರಾಗಿಲ್ಲ. ಸಾರುವೆ ಮೇಲಿಂದ ಬಿದ್ದೆ. ಕೈ ಕೂಡ್ಕತಾ ಅದೆ. ಕಾಲು ಕೂಡ್ತಾ ಇಲ್ಲ. ಬುಧ್ವಾರ ಬೆಳಿಗ್ಗೆ ಎಂಟು ಗಂಟೆಗೆ ವ್ಯಾನ್ನಲ್ಲಿ ಮೈಸೂರ್ಗೆ ಕರ್ಕ ಓಯ್ತರೆ. ಅಲ್ಲಿ ಮಂಡಿಯಿಂದ ಕೆಳೀಕೆ ತೆಗೀತರಂತೆ. ತೆಗೀದಿದ್ರೆ ಜೀವಕ್ಕೇ ಬತ್ತದೆ ಅಂದ್ರು. ರುಜು ಆಕು ಅಂದ್ರು, ಎಡಗೈಲಿ ಆಕ್ದೆ.

ಮೀನಂಗೆ ಎದ್ರಬೇಡ ಎದ್ರಬೇಡ ಅಂತ ಬರ್ಕಂಡ್ ಬಂದೆ. ಬರೆಯೋವಾಗ್ಲೆಲ್ಲ ನಂಗೇ ಎದ್ರಿಕೆ ಆಗ್ತಿತ್ತು. ಮೂರ್ ವಾರದಿಂದ ಒಬ್ನೇ ಎದ್ರಕಂಡ್ ಮಲ್ಗಿವ್ನಿ. ಪುಟ್ಟಮಾದು ಒಳ್ಳೇನು, ಆದ್ರೂ ಅವ್ನ್ ಮುಂದೆ ಅಳಾಕಾಗಲ್ಲ.

ಕೂಸ್ನ ಮೀನ ನೋಡ್ಕತಾಳೆ. ಈ ಕಾಗ್ದ ತಂದಿರೋ ಪುಟ್ಟಮಾದು ಜೊತೇಲೇ ಬಸ್ ಅತ್ತು. ಬುಧ್ವಾರಕ್ಕೆ ಮುಂಚೆ ಬಾ ಅವ್ವ. ಇನ್ಯಾನೂ ಬ್ಯಾಡ. ಬಂದು ನನ್ ತಲೆ ಮೇಲೆ ಕೈ ಮಡಗು.

ನಿಂಗ